ಬದುಕೋರಿಗೇ ಮಾತ್ರೆ ಇಲ್ಲ ಅಂದಿರಿ, ಮಾಸ್ತರರೇ

ಮಾಸ್ತರರೇ, ನಮಸ್ಕಾರ.

ಯುದ್ಧ, ನೆರೆ, ನಿರಾಶ್ರಿತರ ಶಿಬಿರಗಳಲ್ಲಿ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಉಪಶಮನ ಆರೈಕೆಯ ಬಗ್ಗೆ, ಅಲ್ಲಿ ನಡೆಯಬೇಕಾದ ಸಂಶೋಧನೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಜೇವರ್ಗಿ ಕಡೆಯಿಂದ ನೀವು ಎರಡು ಪ್ರಶ್ನೆ ಕಳಿಸಿದ್ದೀರಿ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ನಿಮ್ಮ ಶಾಲೆಯೇ ಕಾಳಜಿ ಕೇಂದ್ರವಾಗಿತ್ತು. ಜ್ವರದ ಮಾತ್ರೆಗೂ ಪರದಾಡಿದ್ದಿರಿ. "ಬದುಕೋರಿಗೇ ಮಾತ್ರೆ ಇಲ್ಲದಾಗ ಸಾಯೋರಿಗೆ ಎಲ್ಲಿಂದ ತರೋದು?" ಇದು ಒಂದು. "ಅಂಥ ಹೊತ್ತಿನಲ್ಲಿ ಸಂಶೋಧನೆ ಅಂತ ಪೆನ್ನು ಹಿಡಿದು ಹೋಗೋಕೆ ನಾಚಿಕೆ ಆಗಲ್ವಾ?" ಇದು ಇನ್ನೊಂದು.

ಮೊದಲನೆಯದಕ್ಕೆ ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. ಅದೇ ನೆರೆಯಲ್ಲಿ ಅಫಜಲಪುರ ಕಡೆ ನಮ್ಮ ದೊಡ್ಡವ್ವ ಇದ್ದಳು. ಬಾಯಿ ಕ್ಯಾನ್ಸರ್. ಕಲಬುರಗಿಯಿಂದ ತಂದ, ನೋವು ಇಳಿಸುವ ಮಾರ್ಫಿನ್ ಮಾತ್ರೆಯನ್ನು ನಾಲ್ಕು ತಾಸಿಗೊಮ್ಮೆ ಕೊಡುತ್ತಿದ್ದೆವು. ರಸ್ತೆ ಮುಳುಗಿತು, ಊರೆಲ್ಲ ಶಾಲೆಗೆ ಬಂತು. ಅನ್ನ ಸಾರು ಹೊತ್ತಿಗೆ ಸಿಕ್ಕಿತು, ಚಾದರವೂ ಸಿಕ್ಕಿತು. ಮೂರನೇ ದಿನ ಮಾತ್ರೆ ಮುಗಿದವು. ಮಾರ್ಫಿನ್ ಒಮ್ಮೆಲೇ ನಿಂತರೆ ನೋವು ತಿರುಗಿ ಬರುವುದಷ್ಟೇ ಅಲ್ಲ, ಮೈ ಬೆವರುತ್ತದೆ, ಭೇದಿ ಹತ್ತುತ್ತದೆ. ಆಕೆ ಗೋಡೆ ಕಡೆ ಮುಖ ಮಾಡಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು, ಜನರ ಮುಂದೆ ಚೀರಬಾರದು ಅಂತ. ಬಂದ ವೈದ್ಯರ ತಂಡದವರು ಆಕೆಯ ಆಸ್ಪತ್ರೆ ಚೀಟಿ ನೋಡಿ "ಇದು ಮುಗಿದ ಕೇಸು" ಅಂದು ಮುಂದೆ ಹೋದರು. ಅವರಿಗಾಗಿ ನೂರು ಜನ ಕಾಯುತ್ತಿದ್ದರು, ಹೋಗಿದ್ದಕ್ಕೆ ನನಗೆ ಸಿಟ್ಟಿಲ್ಲ. ತಿರುಗಿ ಬರಲಿಲ್ಲವಲ್ಲ, ಅದು ಇನ್ನೂ ಚುಚ್ಚುತ್ತದೆ.

ದೊಡ್ಡ ಅನಾಹುತದಲ್ಲಿ ಗಾಯಾಳುಗಳಿಗೆ ಬಣ್ಣದ ಚೀಟಿ ಕಟ್ಟುತ್ತಾರೆ. ಕೆಂಪು ಅಂದರೆ ತಕ್ಷಣ, ಹಳದಿ ಅಂದರೆ ಸ್ವಲ್ಪ ತಡೆಯಬಹುದು, ಹಸಿರು ಅಂದರೆ ನಡೆದಾಡುವವರು. ಉಳಿಯುವ ಆಸೆ ಇಲ್ಲದವರಿಗೆ ಬೇರೆ ಬಣ್ಣ. ಆ ಚೀಟಿ ಕಟ್ಟಿದ ಮೇಲೂ ನೋವು, ಏದುಸಿರು, ಭಯ ಇಳಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ಕೈಪಿಡಿಯಲ್ಲಿ ಹೇಳಿದೆ. ಪರಿಹಾರ ಕೆಲಸದವರೆಲ್ಲ ನೋಡುವ ಸ್ಫಿಯರ್ ಕೈಪಿಡಿಗೂ ಉಪಶಮನ ಆರೈಕೆ ಸೇರಿದ್ದು ಅದೇ ವರ್ಷ. ಜೀವ ಉಳಿಸೋದು ಬಿಟ್ಟು ಇದನ್ನು ಮಾಡಿ ಅಂತ ಯಾರೂ ಹೇಳಿಲ್ಲ, ಮಾಸ್ತರರೇ. ಅದೇ ಚೀಲದಲ್ಲಿ ಇದೂ ಇರಲಿ, ಅಷ್ಟೇ.

ಬೆಲೆ ಜಾಸ್ತಿ ಅಂತೀರಾ? ಮಾರ್ಫಿನ್ ಮಾತ್ರೆ ಅಗ್ಗ. ತೊಡಕು ಇರೋದು ಚಟ ಹತ್ತೀತು ಅನ್ನೋ ಭಯದಲ್ಲಿ, ಕಾಗದದಲ್ಲಿ. 1985ರ ಮಾದಕವಸ್ತು ಕಾಯ್ದೆ ಅದನ್ನು ಎಷ್ಟು ಬಿಗಿಯಾಗಿ ಕಟ್ಟಿತ್ತೆಂದರೆ 2014ರಲ್ಲಿ ತಿದ್ದುಪಡಿ ಮಾಡಿ ಸಡಿಲಿಸಬೇಕಾಯಿತು. ಜಗತ್ತಿನ ಲೆಕ್ಕ ಇನ್ನೂ ವಿಚಿತ್ರ. ವರ್ಷಕ್ಕೆ ಹಂಚುತ್ತಿದ್ದ ಮಾರ್ಫಿನ್ ಬಗೆಯ ನೋವಿನ ಔಷಧಿ ಸುಮಾರು 298 ಟನ್. ಅದರಲ್ಲಿ ತೀರಾ ಬಡ ದೇಶಗಳಿಗೆಲ್ಲ ಸೇರಿ ಹೋಗುತ್ತಿದ್ದದ್ದು 0.1 ಟನ್ ಅಂತ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2017ರಲ್ಲಿ ಹೇಳಿತು. ನಮ್ಮ ಗಂಜ್, ಅಂದರೆ ಕಾಳಿನ ಪೇಟೆಯ ಮಾತಿನಲ್ಲಿ ಒಂದು ಕ್ವಿಂಟಲ್. ನಮ್ಮ ಕಡೆ ಒಬ್ಬ ಸಣ್ಣ ರೈತ ಅದಕ್ಕಿಂತ ಜಾಸ್ತಿ ತೊಗರಿ ತಂದು ಸುರಿಯುತ್ತಾನೆ.

ಎರಡನೇ ಪ್ರಶ್ನೆಯಲ್ಲಿ ನಿಮ್ಮ ಮಾತು ಅರ್ಧ ಸರಿ. ಬರೀ ಕೇಳಿ ಬರೆದುಕೊಂಡು ಎದ್ದು ಹೋಗುವವರ ಮೇಲೆ ನನಗೂ ಸಿಟ್ಟೇ. ಆದರೆ ನೆರೆಯಲ್ಲಿ ಎಮ್ಮೆ ಸತ್ತರೆ ಪಂಚನಾಮೆ ಆಗುತ್ತದೆ, ಗೋಡೆ ಬಿದ್ದರೆ ಅಳತೆ ಆಗುತ್ತದೆ. ದೊಡ್ಡವ್ವನ ನೋವು ಯಾವ ಕಾಗದದಲ್ಲೂ ಬರಲಿಲ್ಲ. ಲೆಕ್ಕದಲ್ಲಿ ಇಲ್ಲದ್ದಕ್ಕೆ ಔಷಧಿ ಯಾರು ಕಳಿಸುತ್ತಾರೆ? 2017ರಲ್ಲಿ ಸುಮಾರು ಏಳು ಲಕ್ಷ ರೋಹಿಂಗ್ಯಾ ಜನ ಮ್ಯಾನ್ಮಾರಿನಿಂದ ಬಾಂಗ್ಲಾದೇಶದ ಕಾಕ್ಸ್ ಬಜಾರಿಗೆ ಓಡಿಬಂದರು. ಅಲ್ಲಿ ಸಂಶೋಧಕರು ರೋಗಿಗಳನ್ನೂ ನೋಡಿಕೊಳ್ಳುವವರನ್ನೂ ಮಾತಾಡಿಸಿದಾಗ, ಕೊಡುವ ಔಷಧಿಗೆ ನೋವು ಬಗ್ಗುತ್ತಿಲ್ಲ ಅಂತ ಬಹಳಷ್ಟು ಜನ ಹೇಳಿದರು. ಕೇಳದಿದ್ದರೆ ಅದು ಡೇರೆಯೊಳಗೇ ಉಳಿಯುತ್ತಿತ್ತು. ಕೇಳುವುದಕ್ಕೂ ರೀತಿ ಇದೆ. "ಬೇಡ" ಅಂದವರ ರೇಷನ್ ನಿಲ್ಲಬಾರದು, ಅಳು ಬಂದರೆ ಪೆನ್ನು ಕೆಳಗಿಡಬೇಕು. ಮಾತ್ರೆ ಕೊಡುವವರು ಜೊತೆಗೇ ಇರಬೇಕು ಅನ್ನೋದು ನನ್ನ ಹಟ.

ಹಿಂದೆ ಗಂಜಿ ಕೇಂದ್ರ ಅಂತಿದ್ದೆವು, ಈಗ ಕಾಳಜಿ ಕೇಂದ್ರ. ಹೆಸರಿಗೆ ತಕ್ಕ ಕೆಲಸ ತೀರಾ ದೊಡ್ಡದೇನಲ್ಲ. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಅಂತ ಆಶಾ ತಾಯಂದಿರಿಗೆ ಗೊತ್ತು. ಮಳೆಗಾಲಕ್ಕೆ ಮೊದಲೇ ಆ ಪಟ್ಟಿ ಪಂಚಾಯಿತಿಯಲ್ಲಿ ಇರಲಿ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ಭೀಮಾಗೆ ನೀರು ಬಿಟ್ಟ ಸುದ್ದಿ ಬಂದ ಮೇಲೆ ನಮಗೆ ಸ್ವಲ್ಪ ಹೊತ್ತು ಸಿಗುತ್ತದೆ, ಅಲ್ವಾ? ಆಗ ಮೊದಲ ಟ್ರ್ಯಾಕ್ಟರಿನಲ್ಲಿ ಇವರು ಬರಲಿ. ಮಾತ್ರೆ, ವೈದ್ಯರ ಚೀಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೊತೆಗೆ ಬರಲಿ.

ನಿಮ್ಮ ಶಾಲೆಯಲ್ಲಿ ಪಾಯಖಾನೆಗೆ ಹತ್ತಿರದ ಕೋಣೆ ಯಾವುದು? ಅದರ ಬಾಗಿಲಲ್ಲಿ ಮಂಚ ಹಿಡಿಸುತ್ತಾ? ಅಳೆದು ಒಂದು ಕಾರ್ಡ್ ಬರೆಯಿರಿ. ಪರದೆ ಹೊಲಿಸುವ ಖರ್ಚು ನನ್ನದು.

ನಿಮ್ಮ,
ಸಂಪಾದಕ