ಆರ್ಫಿಯಸ್‌ನ ಷರತ್ತಿಗೆ ಲಾಜಿಕ್ ಹುಡುಕಬೇಡಿ

ಗ್ರೀಕ್ ಪುರಾಣದ ಗಾಯಕ ಆರ್ಫಿಯಸ್ ಸತ್ತ ಹೆಂಡತಿ ಯೂರಿಡಿಸಿಯನ್ನು ಕರೆತರಲು ಪಾತಾಳಕ್ಕೆ ಇಳಿಯುತ್ತಾನೆ. ಅವನ ಹಾಡಿಗೆ ಸೋತು ಅವಳನ್ನು ಬಿಟ್ಟುಕೊಡುತ್ತಾರೆ, ಆದರೆ ಹೊರಗೆ ಬರುವವರೆಗೆ ಅವನು ತಿರುಗಿ ನೋಡಬಾರದು ಅಂತ ಷರತ್ತು. ಅವನು ತಿರುಗುತ್ತಾನೆ, ಅವಳು ಹೋಗುತ್ತಾಳೆ. ಈ ಕಥೆಯ ಬಗ್ಗೆ ನೀವು ಎರಡು ವಿಷಯ ಕೇಳಿದ್ದೀರಿ. ಆರ್ಫಿಯಸ್ ಕಥೆಯ ಕಿರುಚಿತ್ರವನ್ನು ಪ್ರಾಚೀನ ಗ್ರೀಸಿನಲ್ಲೇ ಇಡಬೇಕಾ, ಈಗಿನ ಕಾಲಕ್ಕೆ ತರಬೇಕಾ ಅನ್ನೋದು ಒಂದು. ‘ತಿರುಗಿ ನೋಡಬಾರದು’ ಅನ್ನುವ ಷರತ್ತಿಗೆ ಜನ ಒಪ್ಪುವಂಥ ಲಾಜಿಕ್ ಏನು ಕೊಡಬೇಕು ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಆಮೇಲೆ ಬರುತ್ತೇನೆ. ಎರಡನೆಯದಕ್ಕೆ ಉತ್ತರ ಹುಡುಕಲು ಹೋಗಿಯೇ ನನ್ನ ಸಿನಿಮಾ ಕೆಟ್ಟಿತು.

ನಾನು ಹಿಡಿದದ್ದೂ ಇದೇ ಕಥೆ. ನನ್ನ ಆರ್ಫಿಯಸ್ ಮದುವೆ ಮನೆಗಳಲ್ಲಿ, ಗಣೇಶನ ಪೆಂಡಾಲ್‌ಗಳಲ್ಲಿ ಹಾಡುವ ಆರ್ಕೆಸ್ಟ್ರಾ ಗಾಯಕ. ಮದುವೆಯಾದ ಹೊಸತರಲ್ಲೇ ಹೆಂಡತಿಗೆ ಹಾವು ಕಚ್ಚಿ ತೀರಿಕೊಳ್ಳುತ್ತಾಳೆ. ಮೂಲ ಕಥೆಯಲ್ಲೂ ಯೂರಿಡಿಸಿ ಸಾಯುವುದು ಹಾವು ಕಚ್ಚಿಯೇ. ಅದನ್ನು ಬದಲಾಯಿಸುವ ಅಗತ್ಯ ಕಾಣಲಿಲ್ಲ, ನಮ್ಮ ಹೊಲಗದ್ದೆಗಳಲ್ಲಿ ಅದು ಇವತ್ತಿಗೂ ನಿಜ. ಪಾತಾಳಕ್ಕೆ ಬಾಗಿಲು ಮುಚ್ಚಿದ್ದ ಒಂದು ನರ್ಸಿಂಗ್ ಹೋಮ್ ಕಟ್ಟಡ ಸಿಕ್ಕಿತು. ಅದರ ನೆಲಮಾಳಿಗೆಯಿಂದ ಮೇಲಕ್ಕೆ ಸ್ಟ್ರೆಚರ್ ತಳ್ಳುವ ಉದ್ದನೆಯ ರ‍್ಯಾಂಪ್ ಇತ್ತು. ಅರ್ಧ ಗೋಡೆಗೆ ಹಸಿರು ಬಣ್ಣ. ಸೊಂಟದೆತ್ತರಕ್ಕೆ ಸ್ಟ್ರೆಚರ್ ಉಜ್ಜಿ ಉಜ್ಜಿ ಮೂಡಿದ ಕಪ್ಪು ಗೆರೆ, ಕೆಳಗಿನಿಂದ ಮೇಲಿನವರೆಗೂ. ಆ ಗೆರೆ ನೋಡಿದ ಕೂಡಲೇ ಇದೇ ಜಾಗ ಅಂತ ನಿರ್ಧಾರ ಮಾಡಿಬಿಟ್ಟೆ. ಸೆಟ್ ಹಾಕಿ ಅಂಥದ್ದನ್ನು ಮಾಡೋಕೆ ಆಗಲ್ಲ.

ಮೊದಲ ಡ್ರಾಫ್ಟಿನಲ್ಲಿ ಪಾತಾಳದ ದೊರೆ ಹೇಡಿಸ್ ಇರಲಿಲ್ಲ, ರಾಣಿ ಪರ್ಸಿಫೋನಿ ಇರಲಿಲ್ಲ. ಒಬ್ಬ ವಾಚ್‌ಮನ್ ಇದ್ದ. ಗಾಯಕ ಹಾಡುತ್ತಾನೆ, ವಾಚ್‌ಮನ್ ಕೇಳುತ್ತಾನೆ, ಆಮೇಲೆ ಅನ್ನುತ್ತಾನೆ: ‘ಕರ್ಕೊಂಡು ಹೋಗು. ಗೇಟ್ ದಾಟೋವರೆಗೂ ಹಿಂದೆ ನೋಡ್ಬೇಡ.’ ಅಷ್ಟೇ. ಆ ಡ್ರಾಫ್ಟ್ ಸರಿಯಾಗಿಯೇ ಇತ್ತು.

ದುಡ್ಡು ಹಾಕುತ್ತಿದ್ದ ಗೆಳೆಯ ಓದಿ, ‘ಎಲ್ಲಾ ಸರಿ, ಆದರೆ ಯಾಕೆ ನೋಡಬಾರದು? ಜನ ಕೇಳ್ತಾರಲ್ಲ’ ಅಂದ. ಕ್ಯಾಮೆರಾಮನ್ನೂ ಹೌದು ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದಿರುವುದು ಕಥೆಯ ದೋಷ ಅಂದುಕೊಂಡು ಕೂತು ಬರೆದೆ. ಗಾಯಕ ಆಘಾತದಲ್ಲಿ ಆಸ್ಪತ್ರೆ ಸೇರಿದ್ದಾನೆ. ಡಾಕ್ಟರು ಅವನ ಅಣ್ಣನಿಗೆ ಹೇಳುತ್ತಾರೆ: ‘ತಿರುಗಿ ನೋಡಿದರೆ ಅವಳಿಲ್ಲ ಅನ್ನೋದನ್ನು ಒಪ್ಪಿಕೊಳ್ಳಬೇಕಾಗುತ್ತೆ. ಅದಕ್ಕೇ ಅವನ ಮನಸ್ಸು ನೋಡಬೇಡ ಅಂತಿದೆ.’ ಅಂದರೆ ಪಾತಾಳ, ವಾಚ್‌ಮನ್, ರ‍್ಯಾಂಪ್ ಎಲ್ಲಾ ಅವನ ತಲೆಯೊಳಗಿನದು. ಕಾಗದದ ಮೇಲೆ ತುಂಬಾ ಬುದ್ಧಿವಂತಿಕೆಯದಾಗಿ ಕಂಡಿತು. ಓದಿದವರೆಲ್ಲ ಭೇಷ್ ಅಂದರು.

ಇದರಿಂದ ಏನಾಯಿತು ಅನ್ನೋದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಈಗ ಅದೇ ಬಾಗಿಲ ಮುಂದೆ ನಿಂತಿದ್ದೀರಿ. ಷರತ್ತನ್ನು ಹೊರಗಿನವರು ಹಾಕಿದ್ದರೆ, ಮುರಿದಾಗ ಏನೋ ಕೈತಪ್ಪಿ ಹೋಗುತ್ತದೆ. ಅವನ ಮನಸ್ಸೇ ಹಾಕಿಕೊಂಡಿದ್ದರೆ ಏನೂ ಹೋಗುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಷರತ್ತು ಮುರಿಯುವುದೇ ಅವನು ಗುಣವಾಗುವ ದಾರಿಯಾಗಿಬಿಡುತ್ತದೆ. ಅವನು ತಿರುಗಿದ ಕ್ಷಣ ಕರುಳು ಕಿವುಚಬೇಕು. ನನ್ನ ಸಿನಿಮಾದಲ್ಲಿ ನೋಡುವವರು ‘ಸದ್ಯ, ಹುಷಾರಾದ’ ಅಂದುಕೊಳ್ಳಬೇಕಾಗಿ ಬಂತು. ಕಥೆ ತಲೆಕೆಳಗಾಗಿತ್ತು, ನನಗದು ಕಂಡಿರಲಿಲ್ಲ.

ಎಡಿಟಿಂಗ್ ಮುಗಿದ ಮೇಲೆ ಒಂದಷ್ಟು ಜನರನ್ನು ಮನೆಗೆ ಕರೆದು ತೋರಿಸಿದೆ. ನಾಯಕಿಯ ಅಮ್ಮನೂ ಬಂದಿದ್ದರು. ಕೊನೆಗೆ ದೀಪ ಹಾಕಿದಾಗ ಅವರು ಮಗಳನ್ನು ನೋಡಿ, ‘ಕನಸು ತಾನೇ? ಮತ್ತೆ ಮಲಗಿದರೆ ಮತ್ತೆ ಬರ್ತೀಯಲ್ಲ, ಅವನು ಯಾಕೆ ಅಷ್ಟು ಅತ್ತ?’ ಅಂದರು. ತುಂಬಾ ಮುಗ್ಧವಾಗಿ ಕೇಳಿದರು. ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ.

ಡಾಕ್ಟರ್ ಸೀನ್ ಕಿತ್ತು ಹಾಕಿದರೆ ಸರಿಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಕನಸು ಅಂತ ತೀರ್ಮಾನ ಮಾಡಿದ ಮೇಲೆ ರ‍್ಯಾಂಪನ್ನೂ ಕನಸಿನ ಹಾಗೇ ಶೂಟ್ ಮಾಡಿದ್ದೆವು. ಸ್ಲೋ ಮೋಷನ್, ಹೊಗೆ, ಅವಳ ಸೀರೆ ಗಾಳಿಗೆ ಹಾರುವುದು. ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಹೊತ್ತಲ್ಲೇ ಅಲ್ಲಿನ ಸದ್ದನ್ನು ರೆಕಾರ್ಡ್ ಮಾಡುವುದು, ಮಾಡಿಯೇ ಇರಲಿಲ್ಲ, ಹೇಗೂ ಮ್ಯೂಸಿಕ್ ಹಾಕುತ್ತೇವಲ್ಲ ಅಂತ. ಒಂದೇ ಒಂದು ಹೆಜ್ಜೆಯ ಸದ್ದು ನಮ್ಮ ಹತ್ತಿರ ಇರಲಿಲ್ಲ. ಮತ್ತೆ ಶೂಟ್ ಮಾಡೋಣ ಅಂದರೆ ಅಷ್ಟರಲ್ಲಿ ಆ ಕಟ್ಟಡ ಕೆಡವಲು ಶುರು ಮಾಡಿದ್ದರು. ಗೆಳೆಯನ ದುಡ್ಡು ಹೋಯಿತು. ಸಿನಿಮಾ ಇವತ್ತಿಗೂ ಹಾರ್ಡ್ ಡಿಸ್ಕ್‌ನಲ್ಲಿದೆ.

ಆಮೇಲೆ ಮೂಲ ಪದ್ಯಗಳನ್ನು ನಿಧಾನವಾಗಿ ಓದಿದೆ. ನಮಗೆ ಗೊತ್ತಿರುವ ಆರ್ಫಿಯಸ್ ಕಥೆ ಹೆಚ್ಚಾಗಿ ಬಂದಿರುವುದು ಇಬ್ಬರು ರೋಮನ್ ಕವಿಗಳಿಂದ. ವರ್ಜಿಲ್ ಬರೆದದ್ದು ಕ್ರಿ.ಪೂ. 29ರ ಸುಮಾರಿಗೆ, ಓವಿಡ್ ಬರೆದದ್ದು ಕ್ರಿ.ಶ. 8ರ ಸುಮಾರಿಗೆ. ಪಾತಾಳದ ದೊರೆ, ರಾಣಿ ಯಾಕೆ ಈ ಷರತ್ತು ಹಾಕಿದರು ಅನ್ನೋದಕ್ಕೆ ಇಬ್ಬರೂ ಕಾರಣ ಕೊಡುವುದಿಲ್ಲ. ವರ್ಜಿಲ್ ‘ಇದು ರಾಣಿ ಹಾಕಿದ ಕಟ್ಟಳೆ’ ಅಂತ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಆದರೆ ಆರ್ಫಿಯಸ್ ಯಾಕೆ ತಿರುಗಿದ ಅನ್ನೋದನ್ನು ಇಬ್ಬರೂ ಹೇಳುತ್ತಾರೆ. ವರ್ಜಿಲ್‌ನಲ್ಲಿ ಪ್ರೇಮಿಗೆ ಬಡಿದ ಹಠಾತ್ ಹುಚ್ಚು. ಓವಿಡ್‌ನಲ್ಲಿ ಅವಳು ಎಲ್ಲಿ ಸೋತು ನಿಂತುಬಿಟ್ಟಳೋ ಅನ್ನುವ ಭಯ, ಜೊತೆಗೆ ನೋಡುವ ಆಸೆ. ನಾನು ಇದನ್ನೇ ಅದಲು ಬದಲು ಮಾಡಿದ್ದೆ. ಷರತ್ತಿಗೆ ನಾಲ್ಕು ಪುಟ ಕಾರಣ ಕೊಟ್ಟೆ, ತಿರುಗುವುದಕ್ಕೆ ಒಂದು ಸಾಲೂ ಕೊಡಲಿಲ್ಲ.

‘ಜನ ಕೇಳ್ತಾರೆ’ ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ನಮ್ಮ ಜನ ಷರತ್ತಿನ ಕಥೆ ಕೇಳಿಯೇ ಬೆಳೆದವರು. ಗಂಗೆ ಶಂತನುವಿಗೆ, ನಾನು ಏನು ಮಾಡಿದರೂ ಯಾಕೆ ಅಂತ ಕೇಳಬಾರದು ಅಂದಳು. ಏಳು ಮಕ್ಕಳನ್ನು ನೀರಿಗೆ ಹಾಕಿದಳು, ಎಂಟನೆಯದಕ್ಕೆ ಅವನು ಕೇಳಿಬಿಟ್ಟ, ಅವಳು ಹೊರಟುಹೋದಳು. ವಸುಗಳ ಶಾಪದ ವಿಷಯ ಆಮೇಲೆ ಬರುತ್ತದೆ. ಅವನು ತುಟಿ ಕಚ್ಚಿಕೊಂಡು ನದಿ ದಡದಲ್ಲಿ ನಿಂತಿರುವಾಗ ನಮಗೆ ಆ ಕಾರಣ ಬೇಕಾಗಿಲ್ಲ. ಪುರೂರವನ ಕಥೆ ಆರ್ಫಿಯಸ್‌ಗೆ ಇನ್ನೂ ಹತ್ತಿರ, ಅದರಲ್ಲಿ ಕಣ್ಣಿನದೇ ಷರತ್ತು. ಉರ್ವಶಿಗೆ ಅವನು ಬೆತ್ತಲೆಯಾಗಿ ಕಾಣಬಾರದು. ಗಂಧರ್ವರು ರಾತ್ರಿ ಅವಳ ಕುರಿಮರಿ ಕದ್ದರು, ಅವನು ಬಟ್ಟೆಯ ಪರಿವೆ ಇಲ್ಲದೆ ಎದ್ದು ಓಡಿದ, ಮಿಂಚು ಹೊಳೆಯಿತು, ಅವಳು ಅವನನ್ನು ನೋಡಿಬಿಟ್ಟಳು, ಹೋದಳು. ಯಕ್ಷಗಾನದಲ್ಲಿ ಇಂಥ ಪ್ರಸಂಗ ನಡೆಯುವಾಗ ಯಾರಾದರೂ ಎದ್ದು ನಿಂತು ‘ಈ ಷರತ್ತಿಗೆ ಲಾಜಿಕ್ ಏನು’ ಅಂತ ಕೇಳಿದ್ದನ್ನು ನಾನಂತೂ ನೋಡಿಲ್ಲ. ಷರತ್ತು ಬೇಲಿ ಇದ್ದ ಹಾಗೆ. ಯಾರು ಹಾಕಿದರು ಅನ್ನೋದು ಬೇಡ, ದಾಟುತ್ತಾನಾ ಇಲ್ಲವಾ ಅನ್ನೋದೇ ಕಥೆ.

ಸಿನಿಮಾದಲ್ಲಿ ಇದನ್ನು ಸರಿಯಾಗಿ ಮಾಡಿದವರನ್ನು ನೋಡಿ. ಝಾನ್ ಕಾಕ್ಟೋ 1950ರಲ್ಲಿ ಫ್ರಾನ್ಸಿನಲ್ಲಿ ‘ಓರ್ಫೆ’ ಮಾಡಿದ. ಕಥೆ ಆಗಿನ ಕಾಲದ್ದೇ, ಕಾರು, ರೇಡಿಯೋ, ಮೋಟಾರ್ ಬೈಕ್ ಎಲ್ಲಾ ಇವೆ. ಸಾವಿನ ಲೋಕಕ್ಕೆ ಹೋಗುವುದು ಕನ್ನಡಿಯೊಳಗಿಂದ. ಕೈ ಕನ್ನಡಿಯೊಳಗೆ ಇಳಿಯುವ ಶಾಟಿಗೆ ಪಾದರಸ ತುಂಬಿದ ತೊಟ್ಟಿ ಬಳಸಿದ್ದರು. ಪಾತಾಳಕ್ಕೆ ಯುದ್ಧದಲ್ಲಿ ಬಾಂಬ್ ಬಿದ್ದು ಹಾಳಾಗಿದ್ದ ಮಿಲಿಟರಿ ಶಾಲೆಯ ಕಟ್ಟಡವೇ ಆಯಿತು. ಅವನು ಷರತ್ತನ್ನು ವಿವರಿಸುವ ಬದಲು ಇನ್ನೂ ಬಿಗಿ ಮಾಡಿದ: ದಾರಿಯಲ್ಲಿ ಮಾತ್ರ ಅಲ್ಲ, ಮನೆಗೆ ಬಂದ ಮೇಲೂ ಅವಳನ್ನು ನೋಡುವ ಹಾಗಿಲ್ಲ. ಒಂದೇ ಮನೆಯಲ್ಲಿ ಗಂಡನ ಕಣ್ಣು ತಪ್ಪಿಸಿ ಬದುಕಬೇಕು, ಮೇಜಿನ ಕೆಳಗೆ ಅಡಗಬೇಕು. ಕೊನೆಗೆ ಕಾರಿನಲ್ಲಿ ಕೂತಿದ್ದಾಗ ಹಿಂದಿನದನ್ನು ತೋರಿಸುವ ಪುಟ್ಟ ಕನ್ನಡಿಯಲ್ಲಿ ಅವಳು ಕಾಣುತ್ತಾಳೆ. ಅಷ್ಟಕ್ಕೇ ಮಾಯ. ಈ ಒಂದು ಶಾಟಿನಿಂದ ನಾನು ಕಲಿತಷ್ಟು ಯಾವ ಸ್ಕ್ರಿಪ್ಟ್ ಪಾಠದಿಂದಲೂ ಕಲಿತಿಲ್ಲ.

ಮಾರ್ಸೆಲ್ ಕಾಮು 1959ರಲ್ಲಿ ಕಥೆಯನ್ನು ರಿಯೊ ಡಿ ಜನೈರೊದ ಕಾರ್ನಿವಲ್‌ಗೆ ಒಯ್ದ, ‘ಬ್ಲ್ಯಾಕ್ ಆರ್ಫಿಯಸ್’. ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಬಂತು, ಆಸ್ಕರ್ ಬಂತು. ಬ್ರೆಜಿಲ್‌ನ ಬಡತನವನ್ನು ಹಬ್ಬದ ಹಾಗೆ ತೋರಿಸಿದ ಅನ್ನುವ ಟೀಕೆಯೂ ಬಂತು, ಆ ಟೀಕೆ ನ್ಯಾಯವೇ. ಆದರೆ ಪಾತಾಳದ ಭಾಗ ನೋಡಿ. ನಾಯಕ ಟ್ರಾಮ್ ಕಂಡಕ್ಟರ್. ಸತ್ತವಳನ್ನು ಹುಡುಕಿಕೊಂಡು ಕಾಣೆಯಾದವರ ಕಚೇರಿಗೆ ಹೋಗುತ್ತಾನೆ. ಅಲ್ಲಿ ಕಾಗದದ ರಾಶಿ ಬಿಟ್ಟರೆ ಏನಿಲ್ಲ. ಕಸ ಗುಡಿಸುವವನು ಅವನನ್ನು ಸುತ್ತು ಮೆಟ್ಟಿಲಿಳಿಸಿ, ಮೈಮೇಲೆ ಬರುವ ಪೂಜೆ ನಡೆಯುವ ಜಾಗಕ್ಕೆ ಕರೆದುಕೊಂಡು ಹೋಗುತ್ತಾನೆ. ಬೆನ್ನ ಹಿಂದಿನಿಂದ ಅವಳ ದನಿ ಕೇಳುತ್ತದೆ, ನೋಡಬೇಡ ಅನ್ನುತ್ತದೆ. ತಿರುಗಿದರೆ ಅಲ್ಲಿರುವುದು ಒಬ್ಬ ಮುದುಕಿ, ದನಿ ಬರುತ್ತಿದ್ದದ್ದು ಅವಳ ಬಾಯಿಂದ. ಮೈಮೇಲೆ ಬರುವುದನ್ನು ನೋಡಿ ಬೆಳೆದ ನಮಗೆ ಈ ದೃಶ್ಯಕ್ಕೆ ಯಾರ ವಿವರಣೆಯೂ ಬೇಡ ಅಲ್ವಾ?

ಇನ್ನು ಸೆಲಿನ್ ಸಿಯಾಮ್ಮಾ ಅವರ 2019ರ ‘ಪೋರ್ಟ್ರೇಟ್ ಆಫ್ ಎ ಲೇಡಿ ಆನ್ ಫೈರ್’. ಅದರಲ್ಲಿ ಮೂವರು ಹೆಂಗಸರು ರಾತ್ರಿ ಕೂತು ಓವಿಡ್‌ನ ಈ ಭಾಗವನ್ನೇ ಓದುತ್ತಾರೆ. ಕೆಲಸದ ಹುಡುಗಿಗೆ ಸಿಟ್ಟು ಬರುತ್ತದೆ, ಹೇಳಿದ ಮೇಲೂ ಯಾಕೆ ತಿರುಗಿದ ಅಂತ. ಒಬ್ಬಳು ಅವನು ಬೇಕೆಂದೇ ನೆನಪನ್ನು ಆರಿಸಿಕೊಂಡ ಅನ್ನುತ್ತಾಳೆ. ಇನ್ನೊಬ್ಬಳು, ಅವಳೇ ತಿರುಗು ಅಂದಿರಬಹುದು ಅನ್ನುತ್ತಾಳೆ. ಗಮನಿಸಿ, ಜಗಳ ಪೂರ್ತಿ ಅವನು ತಿರುಗಿದ್ದರ ಬಗ್ಗೆ. ನಿಮ್ಮ ಪ್ರೇಕ್ಷಕರು ಕೇಳಬೇಕಾದದ್ದೂ ಅದನ್ನೇ.

ಈಗ ನಿಮ್ಮ ಮೊದಲ ಪ್ರಶ್ನೆ. ಗ್ರೀಸಾ, ಇಲ್ಲಿಯಾ? ಇದು ಕಥೆಯ ಪ್ರಶ್ನೆಯೇ ಅಲ್ಲ, ಖರ್ಚಿನ ಪ್ರಶ್ನೆ. ಬಿಳಿ ಬಟ್ಟೆ ಸುತ್ತಿ, ಥರ್ಮಾಕೋಲ್ ಕಂಬ ನಿಲ್ಲಿಸಿದರೆ ಗ್ರೀಸ್ ಆಗೋದಿಲ್ಲ, ಶಾಲಾ ವಾರ್ಷಿಕೋತ್ಸವ ಆಗುತ್ತದೆ. ನಿಮ್ಮ ಕೈಗೆಟಕುವ ಜಾಗದಲ್ಲಿ ಇಳಿಜಾರು ಎಲ್ಲಿದೆ ನೋಡಿ, ಅಲ್ಲಿ ಮಾಡಿ. ಕೆಳಗಿಂದ ಮೇಲಕ್ಕೆ ಒಂದು ದಾರಿ, ಕತ್ತಲೆಯಿಂದ ಬೆಳಕಿಗೆ. ಈ ಕಥೆಗೆ ಬೇಕಾದ ಲೊಕೇಶನ್ ಅಷ್ಟೇ.

ಯಾರಾದರೂ ‘ನಮ್ಮಲ್ಲೇ ಸಾವಿತ್ರಿ ಇದ್ದಾಳಲ್ಲ, ಅದನ್ನೇ ಮಾಡು’ ಅಂದರೆ ಬೇಡ ಅನ್ನಿ. ಸಾವಿತ್ರಿ ಯಮನ ಹತ್ತಿರ ಮಾತಾಡಿ ಗೆದ್ದಳು. ಮಹಾಭಾರತದ ರುರು ಹಾವು ಕಚ್ಚಿ ಸತ್ತ ಪ್ರಮದ್ವರೆಗೆ ತನ್ನ ಅರ್ಧ ಆಯಸ್ಸು ಕೊಟ್ಟು ಉಳಿಸಿಕೊಂಡ. ಎರಡೂ ದೊಡ್ಡ ಕಥೆಗಳೇ, ಆದರೆ ಗೆದ್ದವರ ಕಥೆಗಳು. ಆರ್ಫಿಯಸ್ ಗೆದ್ದು, ಇನ್ನೇನು ಹೊರಗೆ ಬಂದೆ ಅನ್ನುವಾಗ, ತನ್ನ ಪ್ರೀತಿಯಿಂದಲೇ ಸೋತವನು. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ.

ನಿಮ್ಮ ದುಡ್ಡು, ಸಮಯ, ತಲೆ ಎಲ್ಲವನ್ನೂ ಆ ನಡಿಗೆಗೆ ಹಾಕಿ. ಓವಿಡ್‌ನಲ್ಲಿ ದಾರಿ ಕಡಿದಾಗಿದೆ, ಕತ್ತಲೆ ಇದೆ, ಮಂಜಿದೆ, ಸದ್ದೇ ಇಲ್ಲ. ಯೂರಿಡಿಸಿಯನ್ನು ಕರೆದಾಗ ಅವಳು ಹಾವು ಕಚ್ಚಿದ ಗಾಯದಿಂದ ನಿಧಾನವಾಗಿ ಹೆಜ್ಜೆ ಹಾಕುತ್ತಾ ಬರುತ್ತಾಳೆ. ಸತ್ತ ಮೇಲೂ ಕಾಲು ನೋಯುತ್ತಿದೆ! ನಾನು ಅವಳನ್ನು ಹೊಗೆಯಲ್ಲಿ ತೇಲಿಸಿದೆ. ಅವಳು ಕುಂಟಬೇಕಿತ್ತು.

ಹಾಗಾಗಿ ಅವಳ ನಡಿಗೆಗೆ ಒಂದು ಸದ್ದು ಕೊಡಿ. ಒಂದು ಹೆಜ್ಜೆ ಗಟ್ಟಿ, ಒಂದು ಎಳೆದದ್ದು. ಕ್ಯಾಮೆರಾ ಅವನ ಮುಖದ ಮೇಲೇ ಇರಲಿ, ಅವಳು ಕಾಣುವುದು ಬೇಡ. ಸಿಮೆಂಟಿನ ಮೇಲೆ ಆ ಸದ್ದು ಕೇಳುತ್ತಿರುವವರೆಗೆ ಅವನು ನಡೆಯುತ್ತಾನೆ, ನೋಡುವವರೂ ಅದನ್ನು ಎಣಿಸುತ್ತಾ ಇರುತ್ತಾರೆ. ಬಾಗಿಲ ಹತ್ತಿರ ಸಿಮೆಂಟ್ ಮುಗಿದು ಮಣ್ಣು ಶುರುವಾಗಲಿ. ಮಣ್ಣಿನ ಮೇಲೆ ಹೆಜ್ಜೆ ಕೇಳುವುದಿಲ್ಲ. ಅವಳು ಬರುತ್ತಲೇ ಇದ್ದಾಳೆ, ಅವನಿಗೆ ಮಾತ್ರ ಕೇಳುತ್ತಿಲ್ಲ. ಅವನು ತಿರುಗಲು ಇಷ್ಟು ಸಾಕು, ಇದಕ್ಕೆ ಡಾಕ್ಟರೂ ಬೇಡ, ವಾಯ್ಸ್ ಓವರೂ ಬೇಡ.

ಅವಳಿಗೆ ಡೈಲಾಗ್ ಬರೆಯಬೇಡಿ. ವರ್ಜಿಲ್‌ನ ಯೂರಿಡಿಸಿ ಗಂಡನನ್ನು ದೂರುತ್ತಾಳೆ. ಓವಿಡ್‌ನವಳು ದೂರುವುದಿಲ್ಲ, ತನ್ನನ್ನು ಅಷ್ಟು ಪ್ರೀತಿಸಿದ ಅನ್ನೋದನ್ನು ಬಿಟ್ಟರೆ ದೂರಲು ಅವಳಿಗೆ ಏನಿದೆ? ಒಂದೇ ಮಾತು ಹೇಳುತ್ತಾಳೆ, ಅದೂ ಅವನಿಗೆ ಸರಿಯಾಗಿ ಕೇಳುವುದಿಲ್ಲ. ನಾನಾಗಿದ್ದರೆ ‘ಬರ್ತೀನಿ’ ಅನ್ನಿಸುತ್ತಿದ್ದೆ.

ಇನ್ನೊಂದು ಕೆಲಸದ ಮಾತು. ಈ ದೃಶ್ಯವನ್ನು ಶೂಟಿಂಗಿನ ಕೊನೆಗೆ ಇಟ್ಟುಕೊಳ್ಳಬೇಡಿ, ಮೊದಲ ದಿನವೇ ತೆಗೆಯಿರಿ, ಎಲ್ಲರಿಗೂ ಮೈಯಲ್ಲಿ ಶಕ್ತಿ ಇರುವಾಗ. ಸೌಂಡ್ ರೆಕಾರ್ಡಿಸ್ಟ್‌ಗೆ ಕ್ಯಾಮೆರಾಮನ್‌ನಷ್ಟೇ ದುಡ್ಡು ಎತ್ತಿಡಿ. ಅವಳ ಹೆಜ್ಜೆಗಳನ್ನು ಅದೇ ಜಾಗದಲ್ಲಿ, ಬರಿಗಾಲಲ್ಲಿ, ಕ್ಯಾಮೆರಾ ಆಫ್ ಮಾಡಿ ಬೇರೆಯಾಗಿ ರೆಕಾರ್ಡ್ ಮಾಡಿಸಿ. ‘ಜನ ಕೇಳ್ತಾರೆ’ ಅನ್ನುವ ಗೆಳೆಯನಿಗೆ ಸ್ಕ್ರಿಪ್ಟ್ ಓದಿಸುವ ಮೊದಲು ಆ ರೆಕಾರ್ಡಿಂಗನ್ನು ಕತ್ತಲೆ ಕೋಣೆಯಲ್ಲಿ ಕೇಳಿಸಿ.