ಅಗಸಿ ಲೋಳೆ, ಸವಳು ನೀರು ಮತ್ತು ನಿಮ್ಮ ಗುಂಗುರು ಕೂದಲು

ವಿಜಯಪುರದ ಓದುಗರೊಬ್ಬರ ಪತ್ರವನ್ನು ಸ್ವಲ್ಪ ಚಿಕ್ಕದು ಮಾಡಿ ಹಾಕಿದ್ದೇವೆ:

"ನನ್ನದು ಹುಟ್ಟಿನಿಂದಲೇ ಗುಂಗುರು ಕೂದಲು. ಸಾಲಿಯಲ್ಲಿ ಕಲಿಸುತ್ತೇನೆ, ಸ್ಕೂಟಿ ಮೇಲೆ ಓಡಾಟ. ತಲೆ ಎರಕೊಂಡಾಗ ಸುರುಳಿ ಚೆಂದ ಕಾಣುತ್ತದೆ. ಒಣಗಿದ ಮೇಲೆ ಒಂದೂ ಉಳಿಯುವುದಿಲ್ಲ, ಎಲ್ಲಾ ಹರಡಿಕೊಂಡು ನಿಲ್ಲುತ್ತದೆ. ಕೆಮಿಕಲ್ ಇಲ್ಲ ಅಂತ ಬರೆದ ಶಾಂಪೂ 600 ರೂಪಾಯಿ ಕೊಟ್ಟು ತಂದೆ, ಏನೂ ಫರಕು ಕಾಣಲಿಲ್ಲ. ಅಜ್ಜಿ 'ಸೀಗಿಕಾಯಿ, ಎಣ್ಣಿ ಬಿಟ್ಟು ಬ್ಯಾರೆ ಏನೂ ಹಚ್ಚಬ್ಯಾಡ' ಅನ್ನುತ್ತಾಳೆ. ಪಾರ್ಲರ್‌ನವರು ಕೂದಲು ನೇರ ಮಾಡುವ ಕೆರಾಟಿನ್ ಟ್ರೀಟ್‌ಮೆಂಟ್ ಮಾಡಿಸಿ ಅನ್ನುತ್ತಾರೆ. ಮುಂದಿನ ತಿಂಗಳು ಹುಡುಗನ ಕಡೆಯವರು ನೋಡಲು ಬರುತ್ತಾರೆ. ಕೂದಲು ನೇರ ಮಾಡಿಸು ಅಂತ ಸೋದರತ್ತೆ ಹಟ ಹಿಡಿದಿದ್ದಾಳೆ. ಕೆಮಿಕಲ್ ಹಚ್ಚದೆ ಈ ಸುರುಳಿಯನ್ನು ಹಾಗೇ ನಿಲ್ಲಿಸಲು ಆಗುತ್ತದಾ?"

ಸಂಪಾದಕರ ಉತ್ತರ:

ಆಗುತ್ತದೆ. ಖರ್ಚೂ ಜಾಸ್ತಿ ಇಲ್ಲ. ಆದರೆ ಬರೀ ಶಾಂಪೂ ಬದಲಿಸಿದರೆ ಆಗುವುದಿಲ್ಲ. ನಿಮ್ಮ ಪತ್ರದಲ್ಲಿ ಶಾಂಪೂ ಇದೆ, ಎಣ್ಣೆ ಇದೆ, ಸೀಗೆಕಾಯಿ ಇದೆ, ಪಾರ್ಲರ್ ಕೂಡ ಇದೆ. ಎರಡು ಸಂಗತಿ ಮಾತ್ರ ಇಲ್ಲ. ನಿಮ್ಮ ಮನೆಯಲ್ಲಿ ತಲೆಗೆ ಯಾವ ನೀರು ಹಾಕಿಕೊಳ್ಳುತ್ತೀರಿ, ಮತ್ತು ಎರಕೊಂಡ ಮೇಲೆ ಕೂದಲು ಒಣಗುವ ತನಕ ಏನು ಮಾಡುತ್ತೀರಿ. ನನ್ನ ಪ್ರಕಾರ ನಿಮ್ಮ ಸುರುಳಿ ಹಾಳಾಗುತ್ತಿರುವುದು ಈ ಎರಡು ಕಡೆ.

ಗುಂಗುರು ಕೂದಲು ಹುಟ್ಟುವ ಕುಳಿಯೇ ಚರ್ಮದೊಳಗೆ ಬಾಗಿರುತ್ತದೆ. ಎಳೆ ಕೂಡ ಪೂರ್ತಿ ದುಂಡಗಿರುವುದಿಲ್ಲ, ತುಸು ಚಪ್ಪಟೆ. ಈ ಆಕಾರ ಯಾವ ಎಣ್ಣೆಯಿಂದಲೂ ಬರುವುದಿಲ್ಲ. ನೆತ್ತಿಯಲ್ಲಿ ಊರುವ ಜಿಡ್ಡು ನೇರ ಕೂದಲಲ್ಲಿ ತುದಿಯವರೆಗೆ ಸಲೀಸಾಗಿ ಇಳಿಯುತ್ತದೆ. ಸುರುಳಿಯಲ್ಲಿ ಅದು ಮಧ್ಯದಲ್ಲೇ ನಿಲ್ಲುತ್ತದೆ. ಹಾಗಾಗಿ ನೆತ್ತಿ ಜಿಡ್ಡು, ತುದಿ ಒಣ. ಇದು ನಿಮ್ಮೊಬ್ಬರ ಕಥೆಯಲ್ಲ, ಗುಂಗುರು ಕೂದಲಿನವರೆಲ್ಲರ ಕಥೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಕೂದಲು ಅಂದರೆ ಕೆರಾಟಿನ್ ಎಂಬ ಪ್ರೋಟೀನ್. ಅದರೊಳಗೆ ಗಂಧಕದ ಕಟ್ಟುಗಳಿವೆ, ಅವು ಗಟ್ಟಿ, ನೀರಿಗೆ ಜಗ್ಗುವುದಿಲ್ಲ. ಹೈಡ್ರೋಜನ್ ಕಟ್ಟುಗಳೂ ಇವೆ. ಇವು ನೀರು ತಾಗಿದರೆ ಬಿಟ್ಟುಕೊಳ್ಳುತ್ತವೆ, ಒಣಗಿದರೆ ಮತ್ತೆ ಕೂಡಿಕೊಳ್ಳುತ್ತವೆ. ಅಂದರೆ ಕೂದಲು ಒಣಗುವಾಗ ಹೇಗಿತ್ತೋ ಹಾಗೇ ಕೂರುತ್ತದೆ. ಆ ಹೊತ್ತಿನಲ್ಲಿ ಟಾವೆಲ್‌ನಿಂದ ಗಸಗಸ ಉಜ್ಜಿ, ಹಣಿಗೆ ಹಾಕಿ ಎಳೆದರೆ ಒಟ್ಟಿಗಿದ್ದ ಎಳೆಗಳು ಬಿಡಿಬಿಡಿಯಾಗುತ್ತವೆ. ಹಾಗೆ ಬಿಡಿಯಾಗಿಯೇ ಒಣಗುತ್ತವೆ. ಸಾಲಿಗೆ ಹೊತ್ತಾಯಿತು ಅಂತ ನೀವು ಮಾಡುತ್ತಿರುವುದು ಬಹುಶಃ ಇದೇ.

ಈಗ ನೀರಿಗೆ ಬರೋಣ. ನಮ್ಮ ಕಡೆ ಬೋರ್ ನೀರು ಹೆಚ್ಚಿನ ಕಡೆ ಸವಳು. ಬೇಳೆ ಬೇಗ ಬೇಯುವುದಿಲ್ಲ, ನಳದ ಬಾಯಿಗೆ ಬಿಳಿ ಪದರು ಕಟ್ಟುತ್ತದೆ, ಸಾಬೂನು ಉಜ್ಜಿದಷ್ಟೂ ನೊರೆ ಬರುವುದಿಲ್ಲ. ಅದೆಲ್ಲ ಕ್ಯಾಲ್ಸಿಯಂ, ಮೆಗ್ನೀಸಿಯಂ ಮಾಡುವ ಕೆಲಸ. ನಳಕ್ಕೆ ಕಟ್ಟುವ ಆ ಬಿಳಿಯೇ ಕೂದಲಿಗೂ ಕೂರುತ್ತದೆ. ಕೂದಲು ಒರಟಾಗುತ್ತದೆ, ಎಳೆಗೆ ಎಳೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಎಂಥ ದುಬಾರಿ ಬಾಟಲಿ ತಂದರೂ ಅಷ್ಟೇ. ನೀವು ಮೈ ಸಾಬೂನನ್ನೇ ತಲೆಗೂ ಹಚ್ಚುವವರಾದರೆ ಇಂದೇ ಬಿಡಿ. ಸಾಬೂನು ಸವಳು ನೀರಿಗೆ ಬಿದ್ದರೆ ಕರಗದ ಮಡ್ಡಿ ಆಗುತ್ತದೆ, ಅದು ತೊಳೆದರೂ ಹೋಗುವುದಿಲ್ಲ.

ಪೂರ್ತಿ ಸ್ನಾನಕ್ಕೆ ಸಿಹಿ ನೀರು ಎಲ್ಲಿಂದ ತರೋಣ ಅಂತ ಕೇಳುತ್ತೀರಿ. ಬೇಕಿಲ್ಲ. ನಳಕ್ಕೆ ಹೊಳೆ ನೀರು ಬಿಡುವ ದಿನವನ್ನೇ ಎರಕೊಳ್ಳುವ ದಿನ ಮಾಡಿಕೊಳ್ಳಿ. ಅದೂ ಆಗದಿದ್ದರೆ ಬೋರ್ ನೀರಲ್ಲೇ ತೊಳೆದು, ಕೊನೆಗೆ ಮಾತ್ರ ಎರಡು ತಂಬಿಗೆ ಕುಡಿಯುವ ಕ್ಯಾನ್ ನೀರು ಸುರಿದುಕೊಳ್ಳಿ. ತಿಂಗಳಿಗೆ ಒಂದೆರಡು ಸಲ ಒಂದು ಲೀಟರ್ ಸಿಹಿ ನೀರಿಗೆ ಒಂದು ಚಮಚ ನಿಂಬೆ ರಸ ಹಾಕಿ ಕೂದಲ ಉದ್ದಕ್ಕೆ ಸುರಿದು, ಒಂದು ನಿಮಿಷ ಬಿಟ್ಟು ತೊಳೆಯಿರಿ. ಕೂತ ಸುಣ್ಣದಂಶ ಸ್ವಲ್ಪ ಬಿಡುತ್ತದೆ. ನಿಂಬೆ ಹೋಳನ್ನು ನೇರ ನೆತ್ತಿಗೆ ಉಜ್ಜಬೇಡಿ. ಅದು ತೀರಾ ಹುಳಿ, ಮೇಲೆ ನಮ್ಮ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ. ಅಡುಗೆ ಸೋಡಾದ ಉಪಾಯವನ್ನೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬೇಡಿ, ಸೋಡಾ ಕ್ಷಾರ, ಕೂದಲ ಮೇಲ್ಪದರನ್ನು ಎಬ್ಬಿಸಿ ಇನ್ನಷ್ಟು ಒರಟು ಮಾಡುತ್ತದೆ.

ಸಿಕ್ಕು ಬಿಡಿಸುವುದು ಒದ್ದೆ ಇರುವಾಗ, ಬೆರಳಿನಿಂದ ಅಥವಾ ದೊಡ್ಡ ಹಲ್ಲಿನ ಹಣಿಗೆಯಿಂದ, ತುದಿಯಿಂದ ಶುರು ಮಾಡಿ ಮೇಲಕ್ಕೆ. ಒಣ ಗುಂಗುರು ಕೂದಲಿಗೆ ಹಣಿಗೆ ಹಾಕಲೇಬೇಡಿ. ನೀರು ತೊಟ್ಟಿಕ್ಕುತ್ತಿರುವಾಗಲೇ ತಲೆ ಮುಂದಕ್ಕೆ ಬಗ್ಗಿಸಿ. ಕೂದಲ ತುದಿಯನ್ನು ಬೊಗಸೆಯಲ್ಲಿ ತುಂಬಿಕೊಂಡು, ನೆತ್ತಿಯ ಕಡೆಗೆ ಎತ್ತಿ, ಮೆಲ್ಲಗೆ ಹಿಸುಕಿ ಬಿಡಿ. ಸುತ್ತಲೂ ಹೀಗೆ ಮಾಡುತ್ತ ಹೋದರೆ ಸುರುಳಿಗಳು ಗುಂಪುಗುಂಪಾಗಿ ಕೂಡುವುದು ಕಣ್ಣಿಗೇ ಕಾಣುತ್ತದೆ. ನೀರು ಹೀರಿಸಲು ಟಾವೆಲ್ ಬೇಡ, ಅಜ್ಜನ ಹಳೇ ಧೋತರ ಇದ್ದರೆ ಹುಡುಕಿ. ತೊಳೆದು ತೊಳೆದು ನುಣ್ಣಗಾದ ಹತ್ತಿ ಬಟ್ಟೆಗಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನೂ ಉಜ್ಜಬಾರದು, ಒತ್ತಬೇಕು. ಆಮೇಲೆ ಒಣಗುವ ತನಕ ಮುಟ್ಟಬೇಡಿ. ಇದೇ ಬಹಳ ಕಷ್ಟ. ಕೈ ಸುಮ್ನೆ ಇರುವುದಿಲ್ಲ.

ಇನ್ನು ಹಿಡಿತಕ್ಕೆ ಹಚ್ಚುವ ಜೆಲ್. ದೊಡ್ಡ ಊರಿನ ಅಂಗಡಿಗಳಲ್ಲಿ ಗುಂಗುರು ಕೂದಲಿಗೆ ಅಂತ ಚಿಕ್ಕ ಡಬ್ಬಿಯಲ್ಲಿ ದೊಡ್ಡ ಬೆಲೆಗೆ ಮಾರುವ ಜೆಲ್‌ಗಳಲ್ಲಿ ಒಂದು ಯಾವುದರದ್ದು ಗೊತ್ತಾ? ಅಗಸಿಯದು. ಹಿಂಗಾರಿನಲ್ಲಿ ಜೋಳ, ಕಡಲೆ, ಕುಸುಬಿ ಜೊತೆ ನಮ್ಮ ಎರೆ ಹೊಲದಲ್ಲೇ ಬೆಳೆಯುವ ಅಗಸಿ. ನಾವು ಹುರಿದು ಹಿಂಡಿ ಕುಟ್ಟಿ ರೊಟ್ಟಿ ಜೊತೆ ತಿನ್ನುವುದೂ ಅದೇ. ಕಾಳಿನ ಸಿಪ್ಪೆಯಲ್ಲಿ ಲೋಳೆ ಇದೆ, ಬಿಸಿ ನೀರಿಗೆ ಬಿಟ್ಟುಕೊಳ್ಳುತ್ತದೆ. ಆ ಲೋಳೆ ಎಳೆಗಳ ಮೇಲೆ ತೆಳ್ಳಗೆ ಒಣಗಿ ಸುರುಳಿಯನ್ನು ಹಿಡಿದಿಡುತ್ತದೆ. ನೀರು ಹಾಕಿದರೆ ತೊಳೆದು ಹೋಗುತ್ತದೆ. ಹುರಿದ ಅಗಸಿ ಇದಕ್ಕೆ ಬೇಡ, ಹಸಿ ಕಾಳೇ ಇರಲಿ.

ಕಾಲು ಕಪ್ ಅಗಸಿಗೆ ಎರಡು ಕಪ್ ಸಿಹಿ ನೀರು. ಬೋಗುಣಿಯಲ್ಲಿ ಹಾಕಿ ನಡು ಉರಿಯಲ್ಲಿಟ್ಟು ಕೈಯಾಡಿಸುತ್ತಿರಿ, ಇಲ್ಲವಾದರೆ ಕಾಳು ತಳ ಹಿಡಿಯುತ್ತದೆ. ಮೊದಲ ಐದು ನಿಮಿಷ ಏನೂ ಆಗುತ್ತಿಲ್ಲ ಅನಿಸುತ್ತದೆ. ಆಮೇಲೆ ಮೇಲೆ ಬಿಳಿ ನೊರೆ ಕಟ್ಟುತ್ತದೆ, ಚಮಚ ಭಾರವಾಗುತ್ತದೆ. ಎತ್ತಿ ನೋಡಿ. ಹೆಚ್ಚಿದ ಬೆಂಡೆಕಾಯಿಯ ಲೋಳೆ ಹಾಗೆ ಎಳೆಎಳೆಯಾಗಿ ಇಳಿದರೆ ಆ ಕ್ಷಣವೇ ಗ್ಯಾಸ್ ಬಂದ್ ಮಾಡಿ. ಇನ್ನೂ ಗಟ್ಟಿಯಾಗಲಿ ಅಂತ ಕಾದರೆ ಸೋಸಲು ಆಗುವುದಿಲ್ಲ. ಆರಿದಂತೆ ಅದು ತಾನೇ ಗಟ್ಟಿಯಾಗುತ್ತದೆ. ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ, ಕೈ ಸುಟ್ಟುಕೊಳ್ಳದ ಹಾಗೆ ಇಕ್ಕಳದಲ್ಲಿ ಬಟ್ಟೆ ಹಿಂಡಿ.

ಇದನ್ನು ಹಚ್ಚುವುದು ನೀರು ಸೋರುವ ಕೂದಲಿಗೆ, ಧೋತರದಿಂದ ಒತ್ತುವ ಮೊದಲು. ಭುಜದ ತನಕ ಕೂದಲಿದ್ದರೆ ಒಂದು ಅಂಗೈ ತುಂಬ ಸಾಕು. ನೆತ್ತಿಗೆ ಬೇಡ, ಉದ್ದಕ್ಕೆ ಹಚ್ಚಿ, ಮತ್ತೆ ಬೊಗಸೆಯಲ್ಲಿ ಹಿಸುಕಿ. ಒಣಗಿದಾಗ ಕೂದಲು ಗರಿಗರಿ ಅನಿಸುತ್ತದೆ. ಗಾಬರಿಯಾಗಬೇಡಿ, ಹಾಗೇ ಆಗಬೇಕು. ಪೂರ್ತಿ ಒಣಗಿದ ಮೇಲೆ ಅಂಗೈಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿಕೊಂಡು ಮತ್ತೊಮ್ಮೆ ಹಿಸುಕಿದರೆ ಗರಿಗರಿ ಹೋಗಿ ಸುರುಳಿ ಮೆತ್ತಗೆ ಉಳಿಯುತ್ತದೆ. ಬಿಳಿ ಪುಡಿ ಉದುರಿದರೆ ಜೆಲ್ ಜಾಸ್ತಿ ಆಗಿದೆ ಅಂತ ಅರ್ಥ. ಮೊದಲ ಸಲ ಮೊಣಕೈ ಒಳಗೆ ಹಚ್ಚಿ ಒಂದು ದಿನ ನೋಡಿ. ಮನೆಯದು ಅಂದಮಾತ್ರಕ್ಕೆ ಎಲ್ಲರ ಮೈಗೂ ಒಗ್ಗಬೇಕಂತೇನಿಲ್ಲ.

ಕೆಡದಂತೆ ಇದಕ್ಕೆ ಏನೂ ಹಾಕಿಲ್ಲವಲ್ಲ, ಹಾಗಾಗಿ ಫ್ರಿಜ್‌ನಲ್ಲಿ ಒಂದು ವಾರ, ಅಷ್ಟೇ. ನಮ್ಮ ಏಪ್ರಿಲ್ ಬಿಸಿಲಲ್ಲಿ ಹೊರಗಿಟ್ಟರೆ ಮಾರನೇ ದಿನವೇ ವಾಸನೆ ಬಂದೀತು. ಹೆಚ್ಚಾದದ್ದನ್ನು ಐಸ್ ಟ್ರೇಯಲ್ಲಿ ಹಾಕಿ ಗಟ್ಟಿ ಮಾಡಿಟ್ಟು, ಬೇಕಾದಾಗ ಒಂದೆರಡು ತುಂಡು ಕರಗಿಸಿಕೊಳ್ಳಿ. ಅಗಸಿ ಇಲ್ಲದಾಗ ದಾಸವಾಳದ ಎಲೆ ಕಿವುಚಿದ ಲೋಳೆ ನಡೆಯುತ್ತದೆ, ಹಿಡಿತ ಸ್ವಲ್ಪ ಕಮ್ಮಿ. ಹಿತ್ತಲಿನ ಲೋಳೆಸರವಾದರೆ ಎಲೆ ಕೊಯ್ದು ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ. ಸಿಪ್ಪೆಯಿಂದ ಇಳಿಯುವ ಹಳದಿ ರಸ ಕೆಲವರಿಗೆ ತುರಿಕೆ ತರುತ್ತದೆ. ಅದು ಸೋರಿದ ಮೇಲೆ ಒಳಗಿನ ತಿರುಳು ತೆಗೆಯಿರಿ.

ಅಜ್ಜಿಯ ಮಾತು ಅರ್ಧ ಸರಿ. ಸೀಗೆಕಾಯಿಯಲ್ಲಿ ಸಾಪೋನಿನ್ ಇದೆ, ಅದರಿಂದಲೇ ನೊರೆ. ಅದು ಸಾಬೂನಿನ ಹಾಗೆ ಕ್ಷಾರ ಅಲ್ಲ, ಸವಳು ನೀರಲ್ಲಿ ಮಡ್ಡಿಯನ್ನೂ ಕಟ್ಟುವುದಿಲ್ಲ. ತೊಂದರೆ ಇರುವುದು ಪುಡಿಯಲ್ಲಿ. ನೇರ ಕೂದಲಲ್ಲಿ ಪುಡಿ ತೊಳೆದು ಹೋಗುತ್ತದೆ, ನಿಮ್ಮ ಸುರುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆಯಲು ಉಜ್ಜುತ್ತೀರಿ, ಸುರುಳಿ ಹೋಗುತ್ತದೆ. ಕಡ್ಲೆ ಹಿಟ್ಟಿನದೂ ಇದೇ ಗೋಳು. ಕಾಯಿಯನ್ನೇ ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ, ಸೋಸಿದ ನೀರನ್ನು ಮಾತ್ರ ನೆತ್ತಿಗೆ ಹಾಕಿ. ವಾರಕ್ಕೊಮ್ಮೆ, ಧೂಳು ಬಹಳ ಅನಿಸಿದರೆ ಎರಡು ಸಲ. ಅಂಟವಾಳ ಇನ್ನೂ ಒಣಗಿಸುತ್ತದೆ, ಬೇಡ.

ಎಣ್ಣೆ ಹಚ್ಚುವುದು ತಲೆ ಎರಕೊಳ್ಳುವ ಮೊದಲು. ಕೊಬ್ಬರಿ, ಸೂರ್ಯಕಾಂತಿ, ಮಿನರಲ್ ಎಣ್ಣೆ ಮೂರನ್ನೂ ಹೋಲಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಕೂದಲಿನ ಪ್ರೋಟೀನ್ ಸೋರಿಕೆ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಒಂದೇ. ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಅನ್ನುವುದೂ ನಿಮಗೆ ಗೊತ್ತಿರಲಿ. ಔಡಲೆಣ್ಣೆಯನ್ನು ಮಾತ್ರ ಬರಿದೇ ಹಚ್ಚಬೇಡಿ. ಬಹಳ ಅಂಟು. ಅದನ್ನು ಹಚ್ಚಿ ತೊಳೆದ ಮೇಲೆ ಕೂದಲು ಬಿಡಿಸಲಾಗದಷ್ಟು ಗಂಟು ಕಟ್ಟಿ, ಕತ್ತರಿಸಬೇಕಾಗಿ ಬಂದ ಪ್ರಸಂಗ ವೈದ್ಯಕೀಯ ಪತ್ರಿಕೆಯಲ್ಲೇ ದಾಖಲಾಗಿದೆ.

ನಿಮ್ಮ 600 ರೂಪಾಯಿಯ ಬಾಟಲಿಯನ್ನು ಒಮ್ಮೆ ಹಿಂದೆ ತಿರುಗಿಸಿ ನೋಡಿ. ಮುಂದಿನದು ಜಾಹೀರಾತು, ಹಿಂದಿನ ಸಣ್ಣ ಅಕ್ಷರ ಅಸಲು. ಜಾಸ್ತಿ ಹಾಕಿದ್ದು ಮೊದಲು ಬರುತ್ತದೆ. ಶುರುವಿನಲ್ಲೇ ಸೋಡಿಯಂ ಲಾರಿಲ್ ಸಲ್ಫೇಟ್ ಇದ್ದರೆ ಅದು ಜಿಡ್ಡನ್ನೆಲ್ಲ ಕಿತ್ತು ಹಾಕುವ ಮಾಲು, ನಿಮಗಲ್ಲ. ಡೆಸಿಲ್ ಗ್ಲುಕೋಸೈಡ್ ಎಂದಿದ್ದರೆ ಅದು ಮೆದು. ಹೆಸರು ಕೆಮಿಕಲ್ ಥರ ಕಂಡರೂ ಹೆದರಬೇಡಿ. ನೀರು ತುಂಬಿದ ಬಾಟಲಿ ಎರಡು ವರ್ಷ ಕೆಡುವುದಿಲ್ಲ, ಕೆಡದ ಹಾಗೆ ಏನನ್ನೂ ಹಾಕಿಲ್ಲ ಅಂತ ಹೇಳುವವರನ್ನು ನಾನಂತೂ ನಂಬುವುದಿಲ್ಲ. 'ನ್ಯಾಚುರಲ್' ಅಂತ ಮಾರುವ ಕಪ್ಪು ಮೆಹಂದಿ ಇನ್ನೂ ಮೋಸ. ಮದರಂಗಿ ಎಲೆ ಕಪ್ಪು ಬಣ್ಣ ಕೊಡುವುದಿಲ್ಲ, ಕೆಂಪು ಕೊಡುತ್ತದೆ. ಕಪ್ಪಿಗೆ ಸಾಮಾನ್ಯವಾಗಿ ಪಿಪಿಡಿ ಎಂಬ ಡೈ ಬೆರೆಸಿರುತ್ತಾರೆ, ಅದು ಅಲರ್ಜಿಗೆ ಹೆಸರಾದದ್ದು.

ಪಾರ್ಲರ್‌ನ ಕೆರಾಟಿನ್ ಬಗ್ಗೆ ನನ್ನ ಉತ್ತರ ಒಂದೇ: ಬೇಡ. ಅಂಥ ಹಲವು ದ್ರಾವಣಗಳು ಬಿಸಿ ಇಸ್ತ್ರಿ ತಾಗಿದಾಗ ಫಾರ್ಮಾಲ್ಡಿಹೈಡ್ ಎಂಬ ಅನಿಲ ಬಿಡುತ್ತವೆ. ಕಣ್ಣುರಿ, ಘಾಟು ಅದರಿಂದಲೇ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುವಂಥದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅದಿಲ್ಲದ ಹೊಸದು ಬಂದಿದೆ ಅಂತ ಗ್ಲೈಆಕ್ಸಿಲಿಕ್ ಆಸಿಡ್ ಇರುವುದನ್ನು ತೋರಿಸಬಹುದು. ಅದನ್ನು ಹಚ್ಚಿಸಿಕೊಂಡವರಲ್ಲಿ ಕೆಲವರಿಗೆ ಕಿಡ್ನಿ ತೊಂದರೆಯಾದದ್ದು ಇಸ್ರೇಲ್‌ನಿಂದ ವರದಿಯಾಗಿದೆ. ಇಷ್ಟೆಲ್ಲ ಮಾಡಿಸಿದರೂ ಬುಡದಿಂದ ಬೆಳೆಯುವ ಕೂದಲು ಗುಂಗುರೇ. ಹುಡುಗನ ಮನೆಯವರಿಗೆ ಮದುವೆಯಾದ ಆರು ತಿಂಗಳಿಗೆ ಗೊತ್ತಾಗುವುದನ್ನು ಮೊದಲ ದಿನವೇ ತೋರಿಸಿದರೆ ಏನು ತಪ್ಪು? ಸೋದರತ್ತೆಗೆ ಬೇಕಾದರೆ ಈ ಪುಟ ಓದಿ ಹೇಳಿ.

ನೋಡಲು ಬರುವ ದಿನಕ್ಕೆ ಹೊಸ ಪ್ರಯೋಗ ಬೇಡ. ಈಗಿನಿಂದಲೇ ಶುರು ಮಾಡಿ, ಜೆಲ್ ಎಷ್ಟು ಬೇಕು ಅನ್ನುವುದು ಅಷ್ಟರಲ್ಲಿ ಕೈಗೆ ಗೊತ್ತಾಗುತ್ತದೆ. ಅವರು ಬರುವ ಹಿಂದಿನ ದಿನ ಎರಕೊಳ್ಳಿ. ರಾತ್ರಿ ಕೂದಲನ್ನೆಲ್ಲ ನೆತ್ತಿಯ ಮೇಲೆ ಸಡಿಲಾಗಿ ಕಟ್ಟಿ, ದಿಂಬಿಗೆ ಹಳೇ ರೇಷ್ಮೆ ಸೀರೆಯ ತುಂಡು ಹಾಸಿ ಮಲಗಿ. ಬೆಳಿಗ್ಗೆ ಬಿಚ್ಚಿ, ಒದ್ದೆ ಕೈಯಲ್ಲಿ ಅಲ್ಲಲ್ಲಿ ಹಿಸುಕಿ ಬಿಡಿ. ಸ್ಕೂಟಿ ದಿನಗಳಿಗೂ ಇದೇ ನಡೆಯುತ್ತದೆ. ಹೆಲ್ಮೆಟ್ ಒಳಗೆ ತೆಳು ರೇಷ್ಮೆ ಬಟ್ಟೆ ಕಟ್ಟಿಕೊಂಡರೆ ಧೂಳೂ ತಡೆಯುತ್ತದೆ, ಸುರುಳಿಯೂ ಉಳಿಯುತ್ತದೆ. ಮತ್ತೆ ಆ ದಿನ ಅವ್ವ ಹೂ ಮುಡಿಸುವ ಮೊದಲು "ಬಾ, ಒಂದೀಟು ಬಾಚ್ತೀನಿ" ಅನ್ನದೆ ಇರುವುದಿಲ್ಲ. ಮನೆಯ ಹಣಿಗೆಗಳನ್ನೆಲ್ಲ ಮುಂಜಾನೆಯೇ ಎತ್ತಿಟ್ಟುಬಿಡಿ.