ಆಪ್ತಸಲಹೆ ಪ್ರಕರಣ: ಅತಿಥಿ ತಂದ ಚೀಸ್, ಬಸುರಿಯ ಭಯ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮಡಿಕೇರಿಯ ಸಮೀಪ ಕಾಫಿ ತೋಟದ ನಡುವೆ ಹೋಂಸ್ಟೇ ನಡೆಸುವ ಮನೆಯ ಸೊಸೆಯೊಬ್ಬರು, ಚೊಚ್ಚಲ ಬಸುರಿನ ಐದನೆಯ ತಿಂಗಳಲ್ಲಿ, ಅತ್ತೆಯವರನ್ನು ಜೊತೆಗೆ ಕರೆದುಕೊಂಡು ನನ್ನಲ್ಲಿಗೆ ಬಂದರು. ಮಾತು ಶುರು ಮಾಡಿದವರು ಅತ್ತೆ. “ಹತ್ತು ದಿನದಿಂದ ಇವಳು ಹಾಲು, ಮೊಸರು, ಪನೀರ್ ಯಾವುದನ್ನೂ ಮುಟ್ಟುತ್ತಿಲ್ಲ ಮೇಡಂ, ರಾತ್ರಿ ನಿದ್ದೆಯೂ ಇಲ್ಲ” ಎಂದರು. ಸೊಸೆ ತಲೆ ತಗ್ಗಿಸಿ ಕುಳಿತಿದ್ದರು.

ಅತ್ತೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದ ಮೇಲೆ ವಿಷಯ ಹೊರಬಂತು. ಬೆಂಗಳೂರಿನಿಂದ ಬಂದಿದ್ದ ಅತಿಥಿಗಳು ಹೊರಡುವಾಗ ಉಳಿದ ಚೀಸನ್ನು ಇವರಿಗೆ ಕೊಟ್ಟಿದ್ದರು. ಅದರಲ್ಲಿ ಬಿಳಿ ತೊಗಟೆಯ ಮೆತ್ತನೆಯ ಬ್ರೀ ಇತ್ತು. ಎರಡು ತುಂಡು ತಿಂದರು. ಆ ರಾತ್ರಿ ಮೊಬೈಲಿನಲ್ಲಿ ಹುಡುಕಿದಾಗ ‘ಲಿಸ್ಟೀರಿಯಾ’, ‘ಗರ್ಭಪಾತ’ ಎಂಬ ಪದಗಳು ಒಟ್ಟೊಟ್ಟಿಗೆ ಕಂಡವು. “ನನ್ನ ನಾಲಿಗೆ ಚಪಲಕ್ಕೆ ಮಗುವಿಗೆ ಏನಾದರೂ ಆದರೆ ಮನೆಯವರಿಗೆ ಹೇಗೆ ಮುಖ ತೋರಿಸಲಿ?” ಎಂದು ಅತ್ತರು. ಅಳು ನಿಲ್ಲುವವರೆಗೆ ನಾನು ಉಪದೇಶ ಮಾಡಲಿಲ್ಲ.

ಭಯಕ್ಕೆ ಆಧಾರವೇ ಇಲ್ಲವೆಂದು ಸುಳ್ಳು ಹೇಳುವುದು ನನಗೆ ಒಪ್ಪಿಗೆಯಾಗದ ಕಾರಣ, ಇದ್ದದ್ದನ್ನು ಇದ್ದಂತೆ ವಿವರಿಸಿದೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನ ತಣ್ಣಗಿನಲ್ಲೂ ಬೆಳೆಯಬಲ್ಲದು. ತಾಯಿಗೆ ಸಣ್ಣ ಜ್ವರ, ಮೈಕೈ ನೋವಿನಂತೆ ಬಂದು ಹೋದರೂ ಗರ್ಭಕ್ಕೆ ಅಥವಾ ನವಜಾತ ಶಿಶುವಿಗೆ ತೀವ್ರವಾದ ಹಾನಿ ಮಾಡಬಲ್ಲದು. 1985ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೆತ್ತನೆಯ ಚೀಸಿನಿಂದ ಹಬ್ಬಿದ ಸೋಂಕಿನಲ್ಲಿ ಬಾಧಿತರಾದವರಲ್ಲಿ ಹೆಚ್ಚಿನವರು ಗರ್ಭಿಣಿಯರು ಮತ್ತು ಅವರ ಶಿಶುಗಳೇ ಆಗಿದ್ದರು. ಹಾಗಿದ್ದರೂ ಒಂದು ಸಲ ತಿಂದವರಿಗೆಲ್ಲ ಸೋಂಕು ತಗಲುವುದಿಲ್ಲ. ಈ ಕಾಯಿಲೆ ಅಪರೂಪದ್ದು. ಲಕ್ಷಣವಿಲ್ಲದವರಿಗೆ ಸಾಮಾನ್ಯವಾಗಿ ಪರೀಕ್ಷೆಯನ್ನಾಗಲೀ ಔಷಧವನ್ನಾಗಲೀ ಸೂಚಿಸುವುದಿಲ್ಲ. ಆದರೆ ಸೋಂಕು ತಲೆದೋರಲು ಕೆಲವೊಮ್ಮೆ ಎರಡು ತಿಂಗಳೂ ಹಿಡಿಯುವುದರಿಂದ, ಅಷ್ಟರಲ್ಲಿ ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂರದೆ, ಚೀಸ್ ತಿಂದ ಸಂಗತಿಯನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕೆಂದೆ; ರಕ್ತ ಪರೀಕ್ಷೆಯಲ್ಲಿ ಪತ್ತೆಯಾದರೆ ಗರ್ಭಿಣಿಯರಿಗೆ ಕೊಡಬಹುದಾದ ಆ್ಯಂಟಿಬಯೋಟಿಕ್ ಇದೆ. ಅದೇ ವಾರ ಅವರ ಪ್ರಸೂತಿ ತಜ್ಞರನ್ನು ಕಾಣಲೂ ತಿಳಿಸಿದೆ.

ಮುಂದೆ ಯಾವ ಚೀಸ್ ತಿನ್ನಬಹುದು? ಹೆಸರುಗಳ ಉದ್ದನೆಯ ಪಟ್ಟಿ ಕೊಟ್ಟರೆ ಹೊಸ ಹೆಸರು ಎದುರಾದಾಗಲೆಲ್ಲ ಹಳೆಯ ಭಯ ಮರಳುವುದೆಂದು ನನ್ನ ಅನುಭವ. ಆದ್ದರಿಂದ ಕಾರಣವನ್ನೇ ಹೇಳಿದೆ. ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸುವ ಪಾಶ್ಚರೀಕರಣ ಈ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಆಮೇಲೆ ಚೀಸಿನಲ್ಲಿ ನೀರಿನಂಶ ಹೆಚ್ಚಿ, ಹುಳಿ ಕಡಿಮೆಯಾದಷ್ಟೂ, ಹೊರಗಿನಿಂದ ಬಂದು ಸೇರಿದ ಬ್ಯಾಕ್ಟೀರಿಯಾಕ್ಕೆ ಬೆಳೆಯಲು ಅನುಕೂಲ. ಬ್ರೀ, ಕ್ಯಾಮೆಂಬರ್‌ನಂತಹ ಬೂಷ್ಟಿನ ತೊಗಟೆಯವು, ನೀಲಿ ಗೆರೆಗಳ ಮೆತ್ತನೆಯ ಚೀಸ್‌ಗಳು ಈ ಕಾರಣಕ್ಕೆ ಪಾಶ್ಚರೀಕರಿಸಿದ ಹಾಲಿನವಾದರೂ ಹಸಿಯಾಗಿ ಬೇಡ. ಒಳಗಿನವರೆಗೂ ಹಬೆಯಾಡುವಂತೆ ಬೇಯಿಸಿದರೆ ತಿನ್ನಬಹುದು. ಚೆಡ್ಡಾರ್, ಪರ್ಮೆಸಾನ್‌ನಂತಹ ಗಟ್ಟಿ ಚೀಸ್‌ಗಳಲ್ಲಿ ನೀರಿನಂಶ ಕಡಿಮೆ, ಅವು ಸುರಕ್ಷಿತ. ಪಾಶ್ಚರೀಕರಿಸಿದ ಹಾಲಿನ ಮೊಜರೆಲ್ಲಾ, ಕ್ರೀಮ್ ಚೀಸ್, ಅಂಗಡಿಯ ಸ್ಲೈಸ್ ಚೀಸ್‌ಗೆ ಅಡ್ಡಿಯಿಲ್ಲ. ಹೋಂಸ್ಟೇಗಳ ಕಡೆ ಈಚೆಗೆ ಸಿಗುವ ಕೈತಯಾರಿಯ ಚೀಸಿನ ಮೇಲೆ ‘ಹಸಿ ಹಾಲಿನದು’ ಎಂದು ಹೆಮ್ಮೆಯಿಂದ ಬರೆದಿದ್ದರೆ ಬಸುರಿ ಅದನ್ನು ಬಿಡುವುದೇ ಲೇಸು.

ಅತ್ತೆಯವರನ್ನು ಒಳಗೆ ಕರೆದು, “ನಿಮ್ಮ ಮನೆಯ ಹಸುವಿನ ಹಾಲನ್ನು ಉಕ್ಕುವವರೆಗೂ ಕಾಯಿಸುತ್ತೀರಲ್ಲವೇ?” ಎಂದು ಕೇಳಿದೆ. “ಕಾಯಿಸದೆ ಯಾರಾದರೂ ಕುಡಿಯುತ್ತಾರೆಯೇ?” ಎಂದು ಅವರಿಗೇ ಆಶ್ಚರ್ಯವಾಯಿತು. ಹಾಗಾದರೆ ಆ ಹಾಲಿಗೆ ಹೆಪ್ಪು ಹಾಕಿದ ಮೊಸರನ್ನೂ ನಿಂಬೆ ಹಿಂಡಿ ಒಡೆದು ಮಾಡಿದ ಪನೀರನ್ನೂ ಸೊಸೆ ನಿಶ್ಚಿಂತೆಯಿಂದ ತಿನ್ನಬಹುದೆಂದೂ, ಗರ್ಭಿಣಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕಾಗಿರುವಾಗ ಹಾಲನ್ನೇ ದೂರವಿಡುವುದು ಸರಿಯಲ್ಲವೆಂದೂ ಹೇಳಿದೆ. ಪನೀರನ್ನು ಬೇಗ ಮುಗಿಸಬೇಕು. ಬಿಡಿಯಾಗಿ ಮಾರುವ ಪನೀರಾದರೆ ಚೆನ್ನಾಗಿ ಬೇಯಿಸಬೇಕು.

ಇನ್ನೊಂದು ಮಾತನ್ನು ಕೊಡಗಿನವರಿಗೆ ಹೇಳಲೇಬೇಕಾಗುತ್ತದೆ. ಆಟಿ ತಿಂಗಳ ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಫ್ರಿಜ್ ಎಂಬುದು ಎಷ್ಟೋ ಸಲ ಬಾಗಿಲಿರುವ ಕಪಾಟು ಮಾತ್ರ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕರೆಂಟಿಲ್ಲದಿದ್ದರೆ ಒಳಗಿರುವ ಮೆತ್ತನೆಯ ಚೀಸನ್ನು, ಬೆಲೆ ಎಷ್ಟೇ ಇರಲಿ, ಎಸೆಯಲು ಹೇಳಿದೆ.

ಮೂರು ವಾರ ಬಿಟ್ಟು ಬಂದಾಗ ಅವರಿಗೆ ಜ್ವರ ಬಂದಿರಲಿಲ್ಲ, ನಿದ್ದೆ ಮರಳಿತ್ತು. ಬ್ರೀ ತಿಂದದ್ದನ್ನು ಅತ್ತೆಗೆ ತಾವೇ ಹೇಳಿದ್ದರಂತೆ. ಅತ್ತೆ ಬೈಯಲಿಲ್ಲ, ಕರೆಂಟು ಹೋದ ಸಮಯವನ್ನು ಫ್ರಿಜ್ ಪಕ್ಕದ ಕ್ಯಾಲೆಂಡರಿನಲ್ಲಿ ಬರೆದಿಡತೊಡಗಿದ್ದಾರೆ.